ಮೊದಲ ಸಿನಿಮಾಗೆ 40 ಲಕ್ಷ ಬೇಕು, ಕೈಯಲ್ಲಿ ಇರೋದು 6. ದಾರಿ ಹೇಳಿ

ಹೋರಿ ಹುಡುಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲವು ವರ್ಷ ಸಹಾಯಕ ನಿರ್ದೇಶಕನಾಗಿ ಕೆಲಸ ಮಾಡಿದ್ದೇನೆ. ಕಿರುಚಿತ್ರಗಳನ್ನೂ ಮಾಡಿದ್ದೇನೆ. ಈಗ ಪೂರ್ತಿ ಸಿನಿಮಾಗೆ ಆಗುವ ಕತೆಯೊಂದು ಕೈಯಲ್ಲಿದೆ.

ನಮ್ಮ ಹಾವೇರಿ ಕಡೆ ದೀಪಾವಳಿಯಿಂದ ಕೊಬ್ಬರಿ ಹೋರಿ ಸ್ಪರ್ಧೆಗಳು ಶುರುವಾಗುತ್ತವೆ, ಗೊತ್ತಲ್ವಾ? ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಓಡಿಸುತ್ತಾರೆ, ಹುಡುಗರು ಅದನ್ನು ಹರಿಯಲು ಮುಗಿಬೀಳುತ್ತಾರೆ. ಅಂಥ ಹೋರಿ ಸಾಕಿದ ಒಂದು ಮನೆಯ ಕತೆ ನನ್ನದು. ಗಂಡ ತೀರಿಕೊಂಡಿದ್ದಾನೆ. ಸಾಲ ಇದೆ. ಹೆಂಡತಿ ಹೋರಿ ಮಾರಬೇಕಾ, ಇಟ್ಟುಕೊಳ್ಳಬೇಕಾ ಅನ್ನೋದೇ ಸಿನಿಮಾ.

ನಿರ್ಮಾಪಕರ ಹತ್ತಿರ ಹೋಗಿ ಕತೆ ಹೇಳಿದ್ದೇನೆ. ಇಷ್ಟಪಡುತ್ತಾರೆ. ಆಮೇಲೆ ಹೀರೋ ಯಾರು ಅಂತ ಕೇಳುತ್ತಾರೆ. ಹೀರೋ ಇಲ್ಲ, ಸಾಧ್ಯವಾದಷ್ಟೂ ಊರಿನವರನ್ನೇ ಹಾಕಿಕೊಳ್ಳುತ್ತೇನೆ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಲೆಕ್ಕ ಹಾಕಿದ್ದೇನೆ. ಶೂಟಿಂಗ್‌ಗೆ 29 ಲಕ್ಷ, ಪೋಸ್ಟ್ ಪ್ರೊಡಕ್ಷನ್‌ಗೆ (ಶೂಟಿಂಗ್ ಆದ ಮೇಲಿನ ಎಡಿಟಿಂಗ್, ಸೌಂಡ್ ಕೆಲಸ) 8 ಲಕ್ಷ, ಇತರೆ ಖರ್ಚು 3 ಲಕ್ಷ. ಒಟ್ಟು 40. ತಂಡದಲ್ಲಿ 35 ಜನ, 22 ದಿನದ ಶೂಟಿಂಗ್. ನನ್ನ ಉಳಿತಾಯ 6 ಲಕ್ಷ. ಅಪ್ಪನ ಹೆಸರಲ್ಲಿ ಒಂದು ಸೈಟ್ ಇದೆ, ಮಾರಿದರೆ 20 ಲಕ್ಷದ ಮೇಲೆ ಬರುತ್ತದೆ. ಅಪ್ಪ ಒಪ್ಪಿದ್ದಾರೆ. ಅಮ್ಮ ಏನೂ ಹೇಳಿಲ್ಲ. ಉಳಿದದ್ದನ್ನು ಹೇಗೆ ಹೊಂದಿಸಲಿ? ಅನುಭವ ಇರುವವರು ಹೇಳಿ.

ಕರಾವಳಿ ಕ್ಯಾಮೆರಾ

ಸೈಟ್ ಮುಟ್ಟಬೇಡಿ. ನಾನು ಶೂಟ್ ಮಾಡಿದ ಒಂದು ಸಿನಿಮಾಗೆ ನಿರ್ದೇಶಕರು ಮನೆ ಅಡ ಇಟ್ಟಿದ್ದರು. ಸಿನಿಮಾ ಕೆಟ್ಟದಾಗಿರಲಿಲ್ಲ. ಆದರೆ ಸೆಟ್‌ನಲ್ಲಿ ಅವರ ತಲೆ ಶಾಟ್ ಮೇಲೆ ಇರಲಿಲ್ಲ, ಬಡ್ಡಿಯ ಮೇಲಿತ್ತು. ಮಧ್ಯಾಹ್ನ ಮೋಡ ಬಂದರೆ ಬೆಳಕಿಗೆ ಕಾಯೋಣ ಅನ್ನುವ ಧೈರ್ಯ ಅವರಿಗೆ ಇರಲಿಲ್ಲ. ಆ ಅವಸರ ಪರದೆಯ ಮೇಲೂ ಕಾಣಿಸುತ್ತದೆ.

ಗಾಂಧಿನಗರದ ಹಳಬ

ನನ್ನ ಅಭಿಪ್ರಾಯ ಬೇರೆ. ತನ್ನದೇ ದುಡ್ಡು ಹಾಕದವನನ್ನು ಬೇರೆಯವರು ಯಾಕೆ ನಂಬಬೇಕು? ಸೈಟ್ ಪೂರ್ತಿ ಮಾರಿ ಅಂತ ನಾನು ಹೇಳುತ್ತಿಲ್ಲ. ಆದರೆ ಮೊದಲ ಸಿನಿಮಾದಲ್ಲಿ ಮನೆಯವರ ದುಡ್ಡು ಇರೋದು ಹೊಸದೇನಲ್ಲ. ಬಂಗಾಳದಿಂದ ಇಲ್ಲಿಯವರೆಗೆ ಒಡವೆ ಅಡ ಇಟ್ಟು ಸಿನಿಮಾ ಮಾಡಿದ ದೊಡ್ಡವರಿದ್ದಾರೆ.

ಲೈನ್ ಪ್ರೊಡ್ಯೂಸರ್

ಹೋರಿ ಹುಡುಗ ಅವರೇ, ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ನಿಮ್ಮ 40 ಲಕ್ಷದಲ್ಲಿ ಬಿಡುಗಡೆಗೆ ಎಷ್ಟಿದೆ? ಒಂದು ರೂಪಾಯಿ ಕೂಡ ಇಲ್ಲ. ನಾನು ನೋಡಿದ ಸಣ್ಣ ಸಿನಿಮಾಗಳಲ್ಲಿ ಜಾಸ್ತಿ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಶೂಟಿಂಗ್ ಹೇಗೋ ಮುಗಿಯುತ್ತದೆ. ಎಡಿಟಿಂಗ್ ಆಗುತ್ತದೆ. ಆಮೇಲೆ ಹಾರ್ಡ್ ಡಿಸ್ಕ್ ಬೀರುವಿನಲ್ಲಿ ಕೂರುತ್ತದೆ. ನಮ್ಮಲ್ಲಿ ಸಿಂಗಲ್ ಸ್ಕ್ರೀನ್ ಥಿಯೇಟರ್‌ಗಳು ವಾರಕ್ಕೆ ಇಷ್ಟು ಅಂತ ಬಾಡಿಗೆ ಕೇಳುತ್ತವೆ. ಜನ ಬಂದರೂ ಬರದಿದ್ದರೂ ಆ ಬಾಡಿಗೆ ನಿಮ್ಮದೇ. ಮಲ್ಟಿಪ್ಲೆಕ್ಸ್‌ಗಳು ಟಿಕೆಟ್ ದುಡ್ಡಿನ ಪಾಲಿನ ಮೇಲೆ ಹಾಕಿಕೊಳ್ಳುತ್ತವೆ. ಆದರೆ ಶುಕ್ರವಾರ ಜನ ಬರದಿದ್ದರೆ ಸೋಮವಾರಕ್ಕೆ ನಿಮ್ಮ ಶೋ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿರುತ್ತದೆ. ಇದರ ಜೊತೆಗೆ ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗೆ ಸ್ಕ್ರೀನ್ ಲೆಕ್ಕದಲ್ಲಿ ದುಡ್ಡು, ಪೋಸ್ಟರ್, ಟ್ರೈಲರ್, ಪ್ರಚಾರ.

ಒಟಿಟಿ ತಗೊಳ್ಳುತ್ತದೆ ಅಂತ ನಂಬಿ ಕೂರಬೇಡಿ. ರಕ್ಷಿತ್ ಶೆಟ್ಟಿಯವರಂಥ ಹೆಸರಿದ್ದವರೇ ‘ಏಕಂ’ ಸರಣಿಯನ್ನು 2024ರಲ್ಲಿ ತಮ್ಮದೇ ವೇದಿಕೆ ಮಾಡಿಕೊಂಡು ಬಿಡುಗಡೆ ಮಾಡಬೇಕಾಯಿತು.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಿ. ಮೊದಲು ಬಿಡುಗಡೆ, ಆಮೇಲೆ ಪೋಸ್ಟ್, ಕೊನೆಗೆ ಶೂಟಿಂಗ್. ಬಿಡುಗಡೆಗೆ 10 ಲಕ್ಷ ಎತ್ತಿಡಿ. ಅದನ್ನು ಬೇರೆ ಖಾತೆಯಲ್ಲಿಡಿ. ಶೂಟಿಂಗ್‌ನಲ್ಲಿ ಎಷ್ಟೇ ಕಷ್ಟ ಬಂದರೂ ಆ ಖಾತೆಗೆ ಕೈ ಹಾಕಬೇಡಿ. ಪೋಸ್ಟ್‌ಗೆ ಹೇಳಿರುವ 8 ಲಕ್ಷವೂ ಸಾಲದು. ಊರಿನವರನ್ನು ನಟಿಸಲು ಹಾಕುತ್ತೀರಿ ಅಂದರೆ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಮಾಡುವಾಗಲೇ ಮಾತು ರೆಕಾರ್ಡ್ ಮಾಡೋದು, ಬೇಕೇ ಬೇಕು. ನಟನೆ ಗೊತ್ತಿಲ್ಲದ ಅಜ್ಜಿಯನ್ನು ಡಬ್ಬಿಂಗ್ ಸ್ಟುಡಿಯೋದಲ್ಲಿ ನಿಲ್ಲಿಸಿ ಅದೇ ಮಾತು ಆಡಿಸೋದು ಆಗುವ ಕೆಲಸ ಅಲ್ಲ.

ದುಡ್ಡು ಉಳಿಯೋದು ಎಲ್ಲಿ? ಕ್ಯಾಮೆರಾದಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ತಲೆಗಳ ಲೆಕ್ಕದಲ್ಲಿ. 35 ಜನಕ್ಕೆ ತಿಂಡಿ, ಎರಡು ಊಟ, ಟೀ ಸೇರಿ ಒಬ್ಬರಿಗೆ ದಿನಕ್ಕೆ 350 ರೂಪಾಯಿ ಹಿಡಿದರೂ ದಿನಕ್ಕೆ 12,250. 22 ದಿನಕ್ಕೆ 2,69,500. ಅದೇ 18 ಜನ ಆದರೆ 1,38,600. ಊಟ ಒಂದರಲ್ಲೇ 1,30,900 ಉಳಿಯಿತು. ಲಾಡ್ಜ್ ರೂಮು, ಗಾಡಿ, ಸಂಬಳ ಎಲ್ಲ ಇದೇ ಲೆಕ್ಕದಲ್ಲಿ ಇಳಿಯುತ್ತದೆ. ನಿಮ್ಮ ಕತೆಗೆ 35 ಜನ ಬೇಡವೇ ಬೇಡ. ಒಂದು ಮನೆ, ಒಂದು ಕೊಟ್ಟಿಗೆ. ಅಷ್ಟು ಜನ ಆ ಅಂಗಳದಲ್ಲಿ ನಿಂತರೆ ನಟಿಸುವವರು ಹೆದರುತ್ತಾರೆ.

ಸೈಟ್ ವಿಚಾರದಲ್ಲಿ ನಾನು ಕ್ಯಾಮೆರಾದವರ ಪಕ್ಷ. ಉಳಿತಾಯದ 6 ಲಕ್ಷ ಹಾಕಿ. ನಂಬಿಕೆ ಹುಟ್ಟಿಸೋಕೆ ಅದು ಸಾಕು. ಸೈಟ್ ಅಪ್ಪ ಅಮ್ಮನದು.

ಪುಸ್ತಕದ ಹುಳ

ಕ್ರೌಡ್ ಫಂಡಿಂಗ್ ಯಾಕೆ ಮಾಡಬಾರದು? ‘ಲೂಸಿಯಾ’ ಆಗಿದ್ದು ಹಾಗೇ ಅಲ್ವಾ?

ಎಡಿಟಿಂಗ್ ಮೇಜು, ಧಾರವಾಡ

‘ಲೂಸಿಯಾ’ ಹೆಸರು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಭಾಗ ಬಿಟ್ಟುಬಿಡುತ್ತಾರೆ. ಪವನ್ ಕುಮಾರ್ ಆಗ ಹೊಸಬರಲ್ಲ. ಯೋಗರಾಜ್ ಭಟ್ಟರ ಸಿನಿಮಾಗಳಿಗೆ ಬರೆದಿದ್ದರು, ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದರು. ಅವರು ಬ್ಲಾಗ್‌ನಲ್ಲಿ ಮನಸ್ಸು ಬಿಚ್ಚಿ ಬರೆದಾಗ ಓದುವವರು ಆಗಲೇ ಇದ್ದರು. ಹಾಗಾಗಿ 110 ಜನ ಸೇರಿ ಸುಮಾರು 50 ಲಕ್ಷ ಕೂಡಿಸಿದರು. 2013ರಲ್ಲಿ ಸಿನಿಮಾ ಬಂತು, ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿಯೂ ಬಂತು.

ನಿಮಗೆ ಹತ್ತಿರದ ಉದಾಹರಣೆ 2023ರ ‘ಡೇರ್‌ಡೆವಿಲ್ ಮುಸ್ತಾಫಾ’. ನಿರ್ದೇಶಕ ಶಶಾಂಕ್ ಸೋಗಾಲ್ ಅವರಿಗೆ ಅದು ಮೊದಲ ಸಿನಿಮಾ. ಆದರೆ ಕತೆ ಪೂರ್ಣಚಂದ್ರ ತೇಜಸ್ವಿಯವರದು. ತೇಜಸ್ವಿ ಓದುಗರೇ ಸೇರಿ ದುಡ್ಡು ಹಾಕಿದರು. ನಿರ್ದೇಶಕರ ಹೆಸರು ಗೊತ್ತಿಲ್ಲದಿದ್ದರೂ ಅವರಿಗೆ ಆ ಕತೆ ಗೊತ್ತಿತ್ತು, ಅದರ ಮೇಲೆ ಪ್ರೀತಿ ಇತ್ತು. ಕೊನೆಗೆ ಡಾಲಿ ಧನಂಜಯ ಅವರು ಸಿನಿಮಾವನ್ನು ಅರ್ಪಿಸಿದರು.

ಇನ್ನೂ ಹಿಂದೆ ಹೋದರೆ 1976ರ ‘ಮಂಥನ್’. ನಮ್ಮ ಗಿರೀಶ್ ಕಾರ್ನಾಡರು ನಟಿಸಿದ್ದು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಅದು ಅವರದೇ ಕತೆ. ಜೊತೆಗೆ ದುಡ್ಡು ಕೂಡಿಸಲು ಹಾಲಿನ ಸಹಕಾರಿ ಸಂಘಗಳ ಜಾಲ ಇತ್ತು.

ಈ ಮೂರರಲ್ಲೂ ದುಡ್ಡು ಕೇಳುವ ಮೊದಲೇ ಒಂದು ಗುಂಪು ಇತ್ತು. ನಿಮಗೆ ಆ ಗುಂಪು ಯಾವುದು ಅಂತ ನಾನು ಹೇಳಬೇಕಾ? ಹಾವೇರಿ, ಶಿವಮೊಗ್ಗ ಕಡೆ ಹೋರಿ ಅಭಿಮಾನಿಗಳು ಎಷ್ಟು ಜನ ಇದ್ದಾರೆ! ಒಂದೊಂದು ಹೋರಿಗೂ ಹೆಸರು, ಬ್ಯಾನರ್, ಅಭಿಮಾನಿ ಬಳಗ. ಅವರ ಹತ್ತಿರ ಹೋಗಿದ್ದೀರಾ?

ಹೋರಿ ಹುಡುಗ

ಇಲ್ಲ. ಬೆಂಗಳೂರಿನ ಆಫೀಸುಗಳಲ್ಲೇ ಹುಡುಕುತ್ತಿದ್ದೆ. ಈ ಕಡೆ ಯೋಚನೆಯೇ ಹೋಗಿರಲಿಲ್ಲ. ನಮ್ಮ ತಾಲ್ಲೂಕಿನಲ್ಲೇ ಹೋರಿ ಸಾಕಿರುವ ಎಷ್ಟೋ ಮನೆಯವರು ಪರಿಚಯ. ಒಬ್ಬೊಬ್ಬರು 25,000 ಹಾಕಿದರೂ ದೊಡ್ಡ ಮೊತ್ತವೇ. ಅವರಿಗೆ ಇಷ್ಟು ಲಾಭ ಕೊಡುತ್ತೇನೆ ಅಂತ ಬರೆದುಕೊಟ್ಟು ತಗೊಳ್ಳಬಹುದಾ?

ಲೆಕ್ಕದವರು

ಬೇಡ, ಹಾಗೆ ಮಾಡಲೇಬೇಡಿ. ನಾನು ಚಾರ್ಟರ್ಡ್ ಅಕೌಂಟೆಂಟ್. ಇದನ್ನು ಎಲ್ಲರೂ ಗಮನವಿಟ್ಟು ಓದಿ.

‘ಇಷ್ಟು ಕೊಡಿ, ಇಷ್ಟು ಸೇರಿಸಿ ವಾಪಸ್ ಕೊಡುತ್ತೇನೆ’ ಅಂತ ಜನರಿಂದ ದುಡ್ಡು ಎತ್ತಿದರೆ ಅದು ಠೇವಣಿ ಆಗಿಬಿಡಬಹುದು. 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಇದೆ. ಅದರಲ್ಲಿ ಜೈಲೂ ಇದೆ. ಚಿಟ್ ಫಂಡ್, ಚೈನ್ ಸ್ಕೀಮ್‌ಗಳಲ್ಲಿ ಜನ ಮೋಸ ಹೋದ ಕಾರಣಕ್ಕೆ ಬಂದ ಕಾನೂನು. ನಿಮ್ಮ ಉದ್ದೇಶ ಒಳ್ಳೆಯದು ಅನ್ನೋದು ಅಲ್ಲಿ ಕೆಲಸಕ್ಕೆ ಬರಲ್ಲ. ಲಾಭದ ಆಸೆ ತೋರಿಸಿ ಫೇಸ್‌ಬುಕ್‌ನಲ್ಲಿ ಸಾರ್ವಜನಿಕವಾಗಿ ಪಾಲು ಮಾರುವಂತೆಯೂ ಇಲ್ಲ.

ಸರಿಯಾದ ದಾರಿಗಳಿವೆ. ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆ, ಮಾಡಿಕೊಳ್ಳಬಹುದು. ಪಾಲುದಾರರ ಹೊಣೆ ಅವರು ಹಾಕಿದ ದುಡ್ಡಿನವರೆಗೆ ಮಾತ್ರ, ಸಂಖ್ಯೆಗೆ ಮೇಲ್ಮಿತಿ ಇಲ್ಲ. ಸಾಮಾನ್ಯ ಪಾಲುದಾರಿಕೆ ಸಂಸ್ಥೆ ಆದರೆ 50 ಜನ ದಾಟುವಂತಿಲ್ಲ, ಹೊಣೆಗೂ ಮಿತಿ ಇಲ್ಲ, ಹಾಗಾಗಿ ಅದನ್ನು ಬಿಡಿ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ 200 ಸದಸ್ಯರವರೆಗೆ ಇರಬಹುದು, ಆದರೆ ವರ್ಷ ವರ್ಷ ಸಲ್ಲಿಸುವ ಕಾಗದ ಜಾಸ್ತಿ. ನಿಮಗೆ ನನ್ನ ಸಲಹೆ: 10ರಿಂದ 15 ಜನ, ತಲಾ 1ರಿಂದ 2 ಲಕ್ಷ, ಎಲ್‌ಎಲ್‌ಪಿ. 25 ಸಾವಿರದ ನೂರು ಜನ ಬೇಡ. ನೂರು ಜನಕ್ಕೆ ಲೆಕ್ಕ ಒಪ್ಪಿಸೋದೇ ಒಂದು ಪೂರ್ತಿ ಕೆಲಸ.

ಸಣ್ಣ ಮೊತ್ತ ಕೊಡುವವರಿಗೆ ಪಾಲು ಬೇಡ. ಟಿಕೆಟ್, ಪೋಸ್ಟರ್, ಕೊನೆಯಲ್ಲಿ ಹೆಸರು, ಊರಲ್ಲೇ ಮೊದಲ ಪ್ರದರ್ಶನ. ಲಾಭದ ಮಾತೇ ಇರಬಾರದು. ಅದಕ್ಕೂ ರಸೀದಿ ಕೊಡಿ, ತೆರಿಗೆ ಬಗ್ಗೆ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಪಾಲುದಾರರಿಗೆ ಎರಡು ಲೆಕ್ಕ ಬರೆದು ತೋರಿಸಿ. ಒಟ್ಟು 30 ಲಕ್ಷ ಹಾಕಿದ್ದಾರೆ ಅಂದುಕೊಳ್ಳಿ. ಬಂದ ದುಡ್ಡಲ್ಲಿ ಮೊದಲು ಅವರ 30 ಲಕ್ಷ ಹೋಗಬೇಕು, ಮೇಲೆ ಉಳಿದದ್ದರಲ್ಲಿ ಅರ್ಧ ಅವರಿಗೆ, ಅರ್ಧ ತಂಡಕ್ಕೆ. 36 ಲಕ್ಷ ಬಂದರೆ 1 ಲಕ್ಷ ಹಾಕಿದವರಿಗೆ 1,10,000 ಸಿಗುತ್ತದೆ. 12 ಲಕ್ಷ ಮಾತ್ರ ಬಂದರೆ ಸಿಗೋದು 40,000. ಈ ಎರಡನೇ ಲೆಕ್ಕವನ್ನೇ ಮೊದಲು ತೋರಿಸಿ. ಅದನ್ನು ನೋಡಿಯೂ ‘ಆಯ್ತು ಮಾಡಪ್ಪ’ ಅಂದವರ ದುಡ್ಡು ಮಾತ್ರ ತಗೊಳ್ಳಿ. ಮಗಳ ಮದುವೆಗೆ ಇಟ್ಟ ದುಡ್ಡು, ಬೆಳೆ ಸಾಲದ ದುಡ್ಡು ಅಂತ ಗೊತ್ತಾದರೆ ಕೈ ಮುಗಿದು ಬೇಡ ಅನ್ನಿ.

ಲೈನ್ ಪ್ರೊಡ್ಯೂಸರ್

ಇದಕ್ಕೆ ಒಂದು ಸೇರಿಸುತ್ತೇನೆ. ಬಿಡುಗಡೆಗೆ ಯಾರಾದರೂ ಕೊನೆಯಲ್ಲಿ ಬಂದು ದುಡ್ಡು ಹಾಕಿದರೆ, ‘ನನ್ನದು ಮೊದಲು ವಾಪಸ್ ಬರಬೇಕು’ ಅಂತ ಕೇಳುತ್ತಾರೆ. ಅದು ನಡೆದು ಬಂದ ಪದ್ಧತಿ. ಹಾಗೆ ಆಗಬಹುದು ಅಂತ ಪಾಲುದಾರಿಕೆ ಪತ್ರದಲ್ಲೇ ಬರೆದಿಡಿ. ಇಲ್ಲದಿದ್ದರೆ ಮೊದಲು ನಂಬಿದ ಊರಿನವರ ಜೊತೆ ಮನಸ್ತಾಪ ಆಗುತ್ತದೆ.

ಇನ್ನೊಂದು, ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಇರೋದು ನಿರ್ಮಾಪಕರಿಗೆ, ನಿರ್ದೇಶಕರಿಗಲ್ಲ. ಅದೂ 60 ವರ್ಷ. ನಿಮ್ಮ ಎಲ್‌ಎಲ್‌ಪಿಯಲ್ಲಿ ನಿರ್ಧಾರ ತಗೊಳ್ಳುವ ಅಧಿಕಾರ ನಿಮ್ಮ ಕೈಯಲ್ಲೇ ಇರಬೇಕು. ಯಾವ ಉತ್ಸವಕ್ಕೆ ಕಳಿಸೋದು, ಯಾರಿಗೆ ಮಾರೋದು, ಎಷ್ಟು ಉದ್ದ ಇರಬೇಕು ಅನ್ನೋದಕ್ಕೆ 15 ಜನರ ಮತ ಹಾಕಿಸೋಕೆ ಆಗಲ್ಲ.

ಹೋರಿ ಹುಡುಗ

ತುಂಬಾ ಉಪಕಾರ ಆಯ್ತು. ಸರ್ಕಾರದ ಸಬ್ಸಿಡಿ ನಂಬಬಹುದಾ? 10 ಲಕ್ಷ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಗಾಂಧಿನಗರದ ಹಳಬ

ಬರುತ್ತದೆ, ಆದರೆ ಮಾಡಿ ಮುಗಿಸಿದ ಮೇಲೆ. ಸೆನ್ಸಾರ್ ಆಗಿರಬೇಕು, ಆ ವರ್ಷದ ಆಯ್ಕೆ ಸಮಿತಿ ನೋಡಿ ಗುಣಾತ್ಮಕ ಚಿತ್ರ ಅಂತ ಆರಿಸಬೇಕು, ಆಮೇಲೆ ವಾರ್ತಾ ಇಲಾಖೆಯಿಂದ ದುಡ್ಡು. ಸೆನ್ಸಾರ್ ಆದ ವರ್ಷಕ್ಕೂ ದುಡ್ಡು ಕೈಗೆ ಬರುವ ವರ್ಷಕ್ಕೂ ದೊಡ್ಡ ಅಂತರ ಇರುತ್ತದೆ. ಅದನ್ನು ತೋರಿಸಿ ಬಡ್ಡಿಗೆ ಸಾಲ ಎತ್ತಿದರೆ ಬರುವ 10 ಲಕ್ಷದಲ್ಲಿ ದೊಡ್ಡ ಪಾಲು ಬಡ್ಡಿಗೇ ಹೋಗುತ್ತದೆ. ಪಾಲುದಾರರಿಗೆ ವಾಪಸ್ ಕೊಡುವ ಲೆಕ್ಕದಲ್ಲಿ ಮಾತ್ರ ಅದನ್ನು ಇಟ್ಟುಕೊಳ್ಳಿ, ಅದೂ ‘ಬಂದರೆ’ ಅಂತ. ಬಜೆಟ್‌ನಲ್ಲಿ ಸೇರಿಸಬೇಡಿ.

ಕರಾವಳಿ ಕ್ಯಾಮೆರಾ

ಉತ್ಸವಗಳ ದಾರಿಯೂ ಇದೆ. ‘ತಿಥಿ’ ತಂಡದವರು ಮಂಡ್ಯದ ನೊದೆಕೊಪ್ಪಲಿನ ಊರಿನವರನ್ನೇ ಹಾಕಿಕೊಂಡು ಮಾಡಿದರು, ಗೋವಾದಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಫಿಲ್ಮ್ ಬಜಾರ್‌ನಲ್ಲಿ ಅರೆಬರೆ ಎಡಿಟ್ ತೋರಿಸಿ ಸಲಹೆ ಪಡೆದರು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದರು. ನಟೇಶ್ ಹೆಗಡೆಯವರ ‘ಪೆದ್ರೋ’ 2021ರಲ್ಲಿ, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋದವು. ‘ಶಿವಮ್ಮ’ ಅಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಎರಡಕ್ಕೂ ಬಂಡವಾಳ ಹಾಕಿದ್ದು ರಿಷಬ್ ಶೆಟ್ಟಿಯವರ ಸಂಸ್ಥೆ. ಸ್ಟಾರ್ ಇಲ್ಲದ ಊರಿನ ಕತೆಗೆ ಕೈಜೋಡಿಸುವ ನಟ ನಿರ್ಮಾಪಕರು ನಮ್ಮಲ್ಲಿ ಇದ್ದಾರೆ. ಅವರಿಗೆ ಸ್ಕ್ರಿಪ್ಟ್ ಓದಿ ಹೇಳೋದಕ್ಕಿಂತ ಏನಾದರೂ ತೋರಿಸಿ.

ಉತ್ಸವಕ್ಕೆ ಕಳಿಸುವ ಆಸೆ ಇದ್ದರೆ ಅದಕ್ಕೂ ಮೊದಲು ಸಿನಿಮಾವನ್ನು ಎಲ್ಲೂ ಬಿಡುಗಡೆ ಮಾಡಬೇಡಿ. ದೊಡ್ಡ ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅಂತ ಬಯಸುತ್ತವೆ.

ಸೆನ್ಸಾರ್ ಕಾಗದ

ಯಾರೂ ಹೋರಿಯ ಬಗ್ಗೆ ಮಾತಾಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸೆನ್ಸಾರ್ ಅರ್ಜಿಗಳ ಕೆಲಸ ಮಾಡುತ್ತೇನೆ.

ಸಿನಿಮಾದಲ್ಲಿ ಪ್ರಾಣಿ ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಅದರ ಕಚೇರಿ ಈಗ ಹರಿಯಾಣದ ಬಲ್ಲಭಗಢದಲ್ಲಿದೆ. ಶೂಟಿಂಗ್‌ಗೆ ಮೊದಲು ಒಮ್ಮೆ ಅನುಮತಿ, ಆಮೇಲೆ ಸಿನಿಮಾ ತೋರಿಸಿ ನಿರಾಕ್ಷೇಪಣಾ ಪತ್ರ. ಅದಿಲ್ಲದೆ ಸೆನ್ಸಾರ್ ಮುಂದೆ ಹೋಗಲ್ಲ. ಸೆನ್ಸಾರ್ ಇಲ್ಲದೆ ಥಿಯೇಟರ್ ಇಲ್ಲ, ಸಬ್ಸಿಡಿ ಇಲ್ಲ.

ನಿಮ್ಮದು ಇನ್ನೂ ಸೂಕ್ಷ್ಮ. ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 2011ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹದ ಜೊತೆ ಗೂಳಿಯೂ ಇದೆ. ಕಂಬಳ, ಎತ್ತಿನ ಗಾಡಿ ಓಟಕ್ಕೆ ಕರ್ನಾಟಕ 2017ರಲ್ಲಿ ಕಾನೂನು ತಿದ್ದುಪಡಿ ಮಾಡಿತು. ಆದರೆ ಸ್ಪರ್ಧೆ ನಡೆಸೋದು ಬೇರೆ, ಸಿನಿಮಾಗಾಗಿ ಹೋರಿ ಓಡಿಸೋದು ಬೇರೆ. ಮಂಡಳಿಗೆ ಸ್ಕ್ರಿಪ್ಟ್‌ನ ಆ ದೃಶ್ಯಗಳನ್ನು ಕಳಿಸಿ, ಲಿಖಿತ ಉತ್ತರ ತರಿಸಿ. ಅದು ಬರುವವರೆಗೆ ಯಾರಿಂದಲೂ ಒಂದು ರೂಪಾಯಿ ತಗೊಳ್ಳಬೇಡಿ.

ಹೋರಿ ಹುಡುಗ

ಓಟದ ದೃಶ್ಯ ನನ್ನ ಕ್ಲೈಮ್ಯಾಕ್ಸ್. ಅದಕ್ಕೇ ನಾಲ್ಕು ದಿನ, ಮೂರು ಕ್ಯಾಮೆರಾ, 500 ಜನ ಅಂತ ಬರೆದಿದ್ದೆ. ಅದಿಲ್ಲದೆ ಸಿನಿಮಾ ನಿಲ್ಲುತ್ತಾ?

ಎಡಿಟಿಂಗ್ ಮೇಜು, ಧಾರವಾಡ

ನಿಲ್ಲುತ್ತದೆ. ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ ಅಂತ ನನ್ನ ನಂಬಿಕೆ.

ನಿಮ್ಮ ಕತೆ ಯಾರದು? ಆ ಹೆಂಗಸಿನದು. ಸ್ಪರ್ಧೆಯ ದಿನ ಅವಳು ಅಖಾಡಕ್ಕೆ ಹೋಗುತ್ತಾಳಾ? ಗಂಡ ಸತ್ತ ವರ್ಷ, ಅಷ್ಟು ಗಂಡಸರ ನಡುವೆ? ಅವಳು ಮನೆಯಲ್ಲೇ ಇರಲಿ. ಊರ ಹೊರಗಿನಿಂದ ಮೈಕಿನಲ್ಲಿ ಹೋರಿಗಳ ಹೆಸರು ಕೂಗುವುದು ಕೇಳಲಿ. ಪಟಾಕಿ, ಹಲಗೆ, ಜನರ ಕೇಕೆ. ಅವಳು ಒಲೆ ಮುಂದೆ ಕೂತಿರಲಿ. ತನ್ನ ಹೋರಿಯ ಹೆಸರು ಯಾವಾಗ ಬರುತ್ತದೆ ಅಂತ ಅವಳೂ ಕಾಯುತ್ತಾಳೆ, ನಾವೂ ಕಾಯುತ್ತೇವೆ. ನಾಲ್ಕು ದಿನ, ಮೂರು ಕ್ಯಾಮೆರಾ, 500 ಜನ, ಎಲ್ಲ ಹೋಯಿತು. ಉಳಿದದ್ದು ಒಬ್ಬ ನಟಿ ಮತ್ತು ಒಳ್ಳೆಯ ಸೌಂಡ್. ಆ ಶಬ್ದವನ್ನು ನಿಜವಾದ ಸ್ಪರ್ಧೆಯಲ್ಲೇ ರೆಕಾರ್ಡ್ ಮಾಡಿ.

ಕೊಟ್ಟಿಗೆಯಲ್ಲಿ ಕಟ್ಟಿದ ಹೋರಿಗೂ ಅನುಮತಿ ಬೇಕು, ಅದರ ಅರ್ಜಿ ಬಿಡಬೇಡಿ. ಆದರೆ ಓಡಿಸುವ ದೃಶ್ಯದಷ್ಟು ತೊಡಕು ಇರಲಿಕ್ಕಿಲ್ಲ. ಕಾಗದದವರು ಏನಂತೀರಿ?

ಸೆನ್ಸಾರ್ ಕಾಗದ

ಮೇವು ತಿನ್ನುವ, ಮೈ ತೊಳೆಸಿಕೊಳ್ಳುವ ಹೋರಿ ತೋರಿಸೋದು ಎಷ್ಟೋ ವಾಸಿ. ಆದರೂ ಮೊದಲು ಲಿಖಿತ ಉತ್ತರ.

ಡಲ್ಲಾಸ್ ಕನ್ನಡಿಗ

ನಾನು ಮೂಲತಃ ರಾಣೆಬೆನ್ನೂರಿನವನು. ಓದುತ್ತಾ ಮನಸ್ಸು ಊರಿಗೆ ಹೋಯಿತು. ನಾವು ಕೆಲವು ಗೆಳೆಯರು 1 ಲಕ್ಷದಂತೆ ಹಾಕಲು ಸಿದ್ಧ. ಇಲ್ಲಿಂದ ಹಾಕಬಹುದಾ?

ಲೆಕ್ಕದವರು

ಅನಿವಾಸಿ ಭಾರತೀಯರು ಎಲ್‌ಎಲ್‌ಪಿಗೆ ಬಂಡವಾಳ ಹಾಕಲು ದಾರಿ ಇದೆ. ನಿಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಇಲ್ಲಿಯ ಬ್ಯಾಂಕಿನಲ್ಲಿ ಇಡುವ ಖಾತೆ), ಅಸಲನ್ನು ವಿದೇಶಕ್ಕೆ ವಾಪಸ್ ಒಯ್ಯಲ್ಲ ಅನ್ನುವ ಲೆಕ್ಕದಲ್ಲಿ ಹಾಕಿದರೆ ಕಾಗದ ಕಡಿಮೆ. ಊರಲ್ಲಿರುವ ತಮ್ಮನ ಖಾತೆಗೆ ಹಾಕಿ ಅವನಿಂದ ಕೊಡಿಸೋದು ಬೇಡ. ಅಲ್ಲಿಯ ತೆರಿಗೆಯವರಿಗೂ ಇದನ್ನು ತೋರಿಸಬೇಕಾಗುತ್ತದೆ, ನಿಮ್ಮ ಕಡೆಯ ಲೆಕ್ಕದವರನ್ನು ಕೇಳಿಕೊಳ್ಳಿ.

ಹೋರಿ ಹುಡುಗ

ಎಲ್ಲರ ಮಾತು ಕೇಳಿ ಮತ್ತೆ ಲೆಕ್ಕಕ್ಕೆ ಕೂತೆ. ಓಟದ ದೃಶ್ಯ ತೆಗೆದಿದ್ದೇನೆ. ತಂಡ 18 ಜನ, 18 ದಿನ. ಶೂಟಿಂಗ್ 15 ಲಕ್ಷ, ಪೋಸ್ಟ್ 10, ಬಿಡುಗಡೆ 10, ಕೈ ಮೀರಿದ್ದಕ್ಕೆ ಅಂತ 2. ಒಟ್ಟು 37. ನನ್ನ 6 ಹೋದರೆ 31 ಬೇಕು. ಸೈಟ್ ಮಾರಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಮಂಡಳಿಗೆ ಅರ್ಜಿ ಬರೆಯುತ್ತಿದ್ದೇನೆ. ಉತ್ತರ ಬಂದ ಮೇಲೆ ಎಲ್‌ಎಲ್‌ಪಿ, ಆಮೇಲೆ ಹೋರಿ ಮನೆಗಳಿಗೆ ಹೋಗುತ್ತೇನೆ.

ಲೈನ್ ಪ್ರೊಡ್ಯೂಸರ್

ಇದು ಮಾಡಬಹುದಾದ ಸಿನಿಮಾ. ಎರಡೇ ತಿದ್ದುಪಡಿ. 18 ದಿನದಲ್ಲಿ ಒಂದು ದಿನ ರಜೆ ಇಡಿ, ಇಲ್ಲದಿದ್ದರೆ ಎರಡನೇ ವಾರ ಸೌಂಡ್‌ನವರು, ಕ್ಯಾಮೆರಾದವರು ಸುಸ್ತಾಗಿ ತಪ್ಪು ಮಾಡುತ್ತಾರೆ. ತಂಡದಲ್ಲಿ ಯಾರು ಪೂರ್ತಿ ಸಂಬಳ ಬಿಟ್ಟು ಪಾಲಿಗೆ ಒಪ್ಪುತ್ತಾರೋ ಅವರಿಗೂ ಊಟ, ಬಸ್ ಚಾರ್ಜು, ಒಂದಿಷ್ಟು ಕೈಖರ್ಚು ಕೊಡಲೇಬೇಕು. ಲೈಟ್ ಹುಡುಗರಿಗೆ, ಅಡುಗೆಯವರಿಗೆ ಪಾಲಿನ ಮಾತು ಬೇಡ. ಅವರಿಗೆ ಅಂದಂದಿನ ಬಾಟಾ (ದಿನಭತ್ಯೆ) ಅಂದಂದೇ.

ಎಡಿಟಿಂಗ್ ಮೇಜು, ಧಾರವಾಡ

31 ಲಕ್ಷ ಕೇಳಲು ಹೋಗುವ ಮೊದಲು ಒಂದು ದೃಶ್ಯ ಶೂಟ್ ಮಾಡಿ. ಒಲೆ ಮುಂದಿನ ಆ ದೃಶ್ಯವೇ ಆಗಲಿ, ಅದರಲ್ಲಿ ಹೋರಿ ಕಾಣಿಸಿಕೊಳ್ಳುವುದೇ ಇಲ್ಲ. ಐದಾರು ನಿಮಿಷ, ಒಂದು ಮನೆ, ಮೂರ್ನಾಲ್ಕು ಜನದ ತಂಡ. ಸ್ಪರ್ಧೆಯ ಶಬ್ದ ಮೊದಲೇ ರೆಕಾರ್ಡ್ ಮಾಡಿ ತನ್ನಿ. ಹೋರಿ ಮನೆಯವರಿಗೂ ಅದನ್ನೇ ತೋರಿಸಿ, ನಿರ್ಮಾಪಕರಿಗೂ ಅದನ್ನೇ ತೋರಿಸಿ, ಡಲ್ಲಾಸ್‌ಗೂ ಅದನ್ನೇ ಕಳಿಸಿ. ಎಡಿಟಿಂಗ್ ನಾನು ಮಾಡಿಕೊಡುತ್ತೇನೆ. ಈಗ ದುಡ್ಡು ಬೇಡ, ಪೂರ್ತಿ ಸಿನಿಮಾ ಆದಾಗ ನನ್ನ ಸಂಬಳ ಪೋಸ್ಟ್‌ನ 10 ಲಕ್ಷದಲ್ಲಿ ಬರೆಯಿರಿ. ಫುಟೇಜ್‌ನ ಜೊತೆ ಸೌಂಡ್ ಫೈಲುಗಳನ್ನು ಬೇರೆಯಾಗಿ ತನ್ನಿ, ಪ್ರತಿ ಶಾಟ್‌ಗೂ ಕ್ಲಾಪ್ ಹೊಡೆಯಿರಿ.